ಲೇಸರ್ ಯಂತ್ರಕ್ಕೆ ಹುಣಸೆಹಣ್ಣಿನ ಪರೀಕ್ಷೆ

ಪಾತ್ರೆ ಮೇಲೆ ಹೆಸರು ಹಾಕುವುದೂ ಒಂದು ಉದ್ಯೋಗವೇ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟು ಬಹಳ ದಿನವಾಯಿತು. ಸಿಂಧನೂರಿನ ಒಂದು ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನಾನು ಜೀವಮಾನವೆಲ್ಲ ಮಾಡಿದ್ದು ಅದೊಂದೇ ಕೆಲಸ. ಈಗ ಅದನ್ನು ಬಿಟ್ಟು ಮಸ್ಕಿಯ ಮನೆಯಲ್ಲಿ ಕುಳಿತಿದ್ದೇನೆ. ಆದರೂ ಲೇಸರ್ ಯಂತ್ರ ಕೊಳ್ಳಬೇಕೆಂದಿರುವವರು ಹುಡುಕಿಕೊಂಡು ಬರುತ್ತಾರೆ. "ಮೌನಪ್ಪಣ್ಣ, ಯಾವ ಮಷಿನ್ ತಗೊಳ್ಳೋಣ್ರಿ?" ಅನ್ನುತ್ತಾರೆ. ಒಬ್ಬೊಬ್ಬರಿಗೂ ಚಹಾ ಕುಡಿಸಿ ಹೇಳಿ ಹೇಳಿ ನನಗೂ ಸಾಕಾಗಿದೆ, ಚಹಾ ಮಾಡುವವಳಿಗೂ ಸಾಕಾಗಿದೆ. ಅದಕ್ಕೇ ಬರೆದು ಇಡುತ್ತಿದ್ದೇನೆ.

ನಾನು ಸೇರಿದಾಗ ಉಳಿ, ಸುತ್ತಿಗೆ ಇದ್ದವು. ಚುಕ್ಕೆ ಚುಕ್ಕೆಯಾಗಿ ಹೊಡೆದು ಅಕ್ಷರ ಮೂಡಿಸಬೇಕು. ಒಂದು ಕೊಡಕ್ಕೆ ಹೆಸರು ಹಾಕುವಷ್ಟರಲ್ಲಿ ಗಿರಾಕಿ ಸಂತೆ ಮುಗಿಸಿಕೊಂಡು ಬರುತ್ತಿದ್ದ. ಆಮೇಲೆ ಕರೆಂಟಿನ ಪೆನ್ನು ಬಂತು. ಗುರ್ ಎಂದು ನಡುಗುವ ಅದನ್ನು ಹಿಡಿದು ಬರೆಯುವುದನ್ನು ಮೂರು ತಿಂಗಳಲ್ಲಿ ಕಲಿತೆ. ನನ್ನ ಅಕ್ಷರ ಚೆಂದ ಎಂದು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳಿಬಿಡುತ್ತೇನೆ: ಚೆಂದವಿತ್ತು.

ಈ ಕೆಲಸದಲ್ಲಿ ಕೈಗಿಂತ ಕಿವಿ ಮುಖ್ಯ. ಅದು ನನಗೆ ಗೊತ್ತಾಗಿದ್ದು ಒಂದು ಮದುವೆಯಿಂದ. ಮುಕ್ಕುಂದದ ಒಬ್ಬ ರೈತರು ಮಗಳ ಮದುವೆಗೆ ಒಂದು ಸಂಸಾರಕ್ಕೆ ಬೇಕಾಗುವಷ್ಟು ಪಾತ್ರೆ ಕೊಂಡರು. ಚೀಟಿ ಕೊಟ್ಟರು, ಅದರಲ್ಲಿ ಎರಡು ಹೆಸರಿದ್ದವು. ಮೇಲಿನದು ಮಲ್ಲಮ್ಮ, ಕೆಳಗಿನದು ಶರಣಮ್ಮ. ರೈತರು ಏನೋ ಹೇಳುತ್ತಲೇ ಇದ್ದರು, ನಾನು ಹೂಂ ಹೂಂ ಎನ್ನುತ್ತ ಪೆನ್ನು ಚಾಲೂ ಮಾಡಿದೆ. ಎಲ್ಲ ಪಾತ್ರೆಗೂ ಮಲ್ಲಮ್ಮ ಎಂದು ಹಾಕಿ ಕಳಿಸಿದೆ. ಮಲ್ಲಮ್ಮ ಮದುಮಗಳಲ್ಲ, ಅವಳ ಅತ್ತೆ. ಅವರಿಗೆ ಕೊಡಬೇಕಾದ ಒಂದೇ ಒಂದು ತಂಬಿಗೆಗೆ ಆ ಹೆಸರು ಬೇಕಾಗಿತ್ತು.

ಮದುವೆಯಾದ ವಾರಕ್ಕೆ ಹುಡುಗಿಯ ಅಪ್ಪ ಕಟ್ಟೆಯ ಮುಂದೆ ಬಂದು ನಿಂತರು. ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಬೀಗತಿ ಎಲ್ಲಾ ಭಾಂಡೆ ತನ್ನ ಖೋಲ್ಯಾಗ ಇಟ್ಟು ಕೀಲಿ ಹಾಕ್ಯಾಳಪಾ," ಅಂದರು. "ಹೆಸರ ನನ್ನದೈತಿ ಅಂತಾಳ. ಖರೇನೂ ಹೌದು, ಏನಂತ ಹೇಳ್ಲಿ?"

ಪೆನ್ನು ಹಿಡಿದುಕೊಂಡು ನಾನೇ ಆ ಮನೆಗೆ ಹೋದೆ. ಅಳಿಸಿದರೆ ಅತ್ತೆಗೆ ಅವಮಾನ, ಬಿಟ್ಟರೆ ಸೊಸೆಗೆ ಅನ್ಯಾಯ. ಕೊನೆಗೆ ಪ್ರತಿ ಪಾತ್ರೆಯಲ್ಲೂ ಮಲ್ಲಮ್ಮ ಎಂಬುದರ ಮುಂದೆ ಜಾಗ ಹೊಂದಿಸಿ 'ನ ಸೊಸಿ ಶರಣಮ್ಮ' ಎಂದು ಸೇರಿಸಿದೆ. ಅತ್ತೆ ಒಂದೊಂದನ್ನೂ ಓದಿಸಿ ಕೇಳಿ, ತನ್ನ ಹೆಸರೇ ಮೊದಲಿದೆ ಎಂದು ಖಾತ್ರಿ ಮಾಡಿಕೊಂಡು ಕೀಲಿ ಕೊಟ್ಟರು. ಅವತ್ತಿನಿಂದ ಗಿರಾಕಿ ಬಾಯಿ ಮುಚ್ಚುವವರೆಗೆ ನಾನು ಪೆನ್ನು ಚಾಲೂ ಮಾಡಿದವನಲ್ಲ. ಯಂತ್ರದ ಮುಂದೆ ಕೂಡುವವರೂ ಇದನ್ನು ನೆನಪಿಡಬೇಕು. ತಪ್ಪು ಹೆಸರನ್ನು ಯಂತ್ರ ಇನ್ನೂ ಬೇಗ ಹಾಕುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಕೆಲಸವಿತ್ತು, ಬೋರ್ಡಿನಲ್ಲಿ ಬರೆಯದ ಕೆಲಸ. ಮುಯ್ಯಿಯಲ್ಲಿ ಬಂದ ಪಾತ್ರೆಯನ್ನು ಇನ್ನೊಬ್ಬರ ಮದುವೆಯಲ್ಲಿ ಮುಯ್ಯಿ ಕೊಡಬೇಕೆಂದರೆ ಮೊದಲು ಕೊಟ್ಟವರ ಹೆಸರು ಅದರ ಮೇಲಿರುತ್ತದಲ್ಲ. ಅಂಥ ಪಾತ್ರೆ ಸೆರಗಿನ ಕೆಳಗೆ ಬರುತ್ತಿತ್ತು. "ಅಣ್ಣಾ, ಜರಾ ಬಳ್ಳಿ ಹಾಕಿ ಕೊಡು" ಎಂದು ಪಿಸುಗುಟ್ಟುತ್ತಿದ್ದರು. ಹಳೆಯ ಹೆಸರಿನ ಮೇಲೆ ಎಲೆ, ಹೂವು, ಬಳ್ಳಿ ಬರೆದು ಮುಚ್ಚಿ, ಪಕ್ಕದಲ್ಲಿ ಹೊಸ ಹೆಸರು ಹಾಕುವುದು. ಸಿಂಧನೂರಿನಲ್ಲಿ ಯಾರ ಮನೆಯ ಪಾತ್ರೆಯ ಮೇಲಾದರೂ ಬಳ್ಳಿ ಜಾಸ್ತಿ ದಟ್ಟವಾಗಿ ಕಂಡರೆ ನಾನು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದೆ. ಒಂದು ಸಲ ಒಬ್ಬ ತಾಯಿ ಬಳ್ಳಿ ಹಾಕಿಸಿಕೊಂಡು ಹೋದ ತಪೇಲಿ ನಾಲ್ಕು ಮದುವೆ ತಿರುಗಿ ಐದನೆಯದಕ್ಕೆ ಅವಳ ಮನೆಗೇ ಬಂತು. ಅವಳು ಬಂದು ನನ್ನ ಮೇಲೆ ಸಿಟ್ಟಾದಳು. ನಾನೇನು ಮಾಡಲಿ?

ಇನ್ನು ಯಂತ್ರದ ವಿಷಯ. ನಮ್ಮ ಮಾಲೀಕರು ಶಂಕ್ರಪ್ಪ ಸಾವುಕಾರರು. ಒಳ್ಳೆಯವರು, ಆದರೆ ಮೊಬೈಲಿನಲ್ಲಿ ಕಂಡದ್ದೆಲ್ಲ ಅವರಿಗೆ ಬೇಕಾಗುತ್ತಿತ್ತು. ಒಂದು ದಿನ ನನ್ನ ಪಕ್ಕ ಕುಳಿತು ವಿಡಿಯೋ ತೋರಿಸಿದರು. ಒಂದು ಪೆಟ್ಟಿಗೆ, ಅದರ ಮೇಲೊಂದು ಕಂಬ, ಕಂಬದಿಂದ ಕಾಣದ ಬೆಳಕು ಬಿದ್ದು ಸ್ಟೀಲಿನ ಮೇಲೆ ಮೂರು ಸೆಕೆಂಡಿಗೆ ಕಪ್ಪನೆಯ ಅಕ್ಷರ ಮೂಡುತ್ತಿತ್ತು. ಫೈಬರ್ ಲೇಸರ್ ಅಂದರು.

"ಲಿಂಗಸುಗೂರಿನ ತಮ್ಮನ ಅಂಗಡಿಗೆ ಏಜೆಂಟ ಮಷಿನ್ ತರ್ತಾನ. ನೀ ಹೋಗಿ ನೋಡಿ ಬಾ ಮೌನಪ್ಪ. ನೀ ಪಾಸ್ ಅಂದ್ರ ತಗೊಳ್ಳೋದು. ತಗೊಂಡ್ರ ಈ ಕೈಬರಹ ಬಂದ್ ಮಾಡಿಬಿಡೋಣ," ಅಂದರು.

ಕೈಬರಹ ಎಂದರೆ ನಾನು. ಅದು ಅವರಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ನನಗೆ ಹೊಳೆಯಿತು. ನನ್ನ ಕೆಲಸ ತೆಗೆಯುವ ಯಂತ್ರವನ್ನು ನಾನೇ ನೋಡಿ ಪಾಸು ಮಾಡಬೇಕು. ಮನೆಗೆ ಹೋಗಿ ನನ್ನ ಹೆಂಡತಿ ಅಂಬಮ್ಮನಿಗೆ ಇದನ್ನೇ ನಗುತ್ತ ಹೇಳಿದೆ. ಅವಳು ನಗಲಿಲ್ಲ.

"ಫೇಲ್ ಮಾಡಿ ಬರ್ರಿ," ಅಂದಳು.

"ಹಂಗೆಲ್ಲ ಸುಮ್ನ ಫೇಲ್ ಮಾಡಾಕ ಬರಾಂಗಿಲ್ಲ. ನೋಡಬೇಕು."

"ನೋಡಿ ಫೇಲ್ ಮಾಡ್ರಿ."

ಸಿಂಧನೂರಿನಲ್ಲಿ ಹಾರ್ವೆಸ್ಟರ್ ಬಿಡಿಭಾಗಗಳಿಗೆ ನಂಬರ್ ಹಾಕುವ ಒಂದು ವರ್ಕ್‌ಶಾಪಿನಲ್ಲಿ ಇಂಥ ಯಂತ್ರ ಆಗಲೇ ಇತ್ತು. ಎರಡು ದಿನ ಅಲ್ಲಿ ಹೋಗಿ ನಿಂತು ಕೇಳಬೇಕಾದದ್ದನ್ನೆಲ್ಲ ಕೇಳಿಕೊಂಡೆ. ಇದು ನನ್ನ ಮೊದಲ ಬುದ್ಧಿಮಾತು: ಮಾರುವವನನ್ನು ಕೇಳುವ ಮೊದಲು ಕೊಂಡವನನ್ನು ಕೇಳಿ. ಮಾರುವವನು ಗುಣ ಹೇಳುತ್ತಾನೆ, ಕೊಂಡವನಿಗೆ ಹೊಟ್ಟೆಯಲ್ಲಿದ್ದದ್ದು ಹೊರಗೆ ಹಾಕಲು ಒಬ್ಬರು ಬೇಕಾಗಿರುತ್ತಾರೆ.

ಮೂರನೆಯ ದಿನ ಒಂದು ಗೋಣಿಚೀಲದಲ್ಲಿ ದೊಡ್ಡ ಸ್ಟೀಲ್ ಕೊಡ, ಹಿತ್ತಾಳೆ ಚೊಂಬು, ತಾಮ್ರದ ತಂಬಿಗೆ, ತೆಳ್ಳನೆಯ ತಾಟು, ಮೂರು ಸ್ಟೀಲ್ ತಂಬಿಗೆ ತುಂಬಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ಚೀಲ ಖಣಖಣ ಎನ್ನುತ್ತಿತ್ತು. ಕಂಡಕ್ಟರ್ ಲಗೇಜು ಚೀಟಿ ಹರಿದ. ಹಿಂದಿನ ಸೀಟಿನ ಒಬ್ಬ ಅಜ್ಜಿ ನನ್ನನ್ನು ಹಳೆಯ ಬಟ್ಟೆಗೆ ಪಾತ್ರೆ ಕೊಡುವವನೆಂದುಕೊಂಡು ಹಳೆಯ ಸೀರೆಗೆ ಏನು ಕೊಡುತ್ತೀಯ ಎಂದು ಕೇಳಿದಳು. ಯಂತ್ರ ಪರೀಕ್ಷೆಗೆ ಹೊರಟಿದ್ದೇನೆ ಎಂದೆ. ಅವಳು ನಂಬಲಿಲ್ಲ, ಇಳಿಯುವವರೆಗೂ ಆ ಕೊಡಕ್ಕೆ ಎಷ್ಟು ಸೀರೆ ಎಂದು ಕೇಳುತ್ತಲೇ ಇದ್ದಳು.

ಏಜೆಂಟ ರಾಯಚೂರಿನವನು, ಹೆಸರು ಇಮ್ರಾನ್. ಒಳ್ಳೆಯ ಮಾತುಗಾರ, ಬಂದ ಕೂಡಲೇ ನನ್ನನ್ನು ಚಾಚಾ ಎಂದು ಕರೆದ. ಅಂಗೈಯಗಲದ ಒಂದು ಸಪಾಟು ಸ್ಟೀಲ್ ತುಂಡು ಇಟ್ಟು ಗುಂಡಿ ಒತ್ತಿದ. ಮೂರು ಸೆಕೆಂಡಿಗೆ ಗುಲಾಬಿ ಹೂವು ಬಂತು. ತಡೆಯಲಾರದೆ ತಾವೂ ಬಂದಿದ್ದ ಸಾವುಕಾರರು ಬಾಯಿ ತೆರೆದುಕೊಂಡು ನಿಂತರು. ನಾನು ಚೀಲ ಬಿಚ್ಚಿ ಕೊಡ ತೆಗೆದೆ.

ಇಮ್ರಾನನ ಮುಖ ಸ್ವಲ್ಪ ಬಾಡಿತು. ಕೊಡವನ್ನು ಅಡ್ಡ ಮಲಗಿಸಿದರೆ ಯಂತ್ರದ ತಲೆಯ ಕೆಳಗೆ ಹಿಡಿಯಲಿಲ್ಲ. ಕಂಬವನ್ನು ಮೇಲೆ ಮೇಲೆ ಎತ್ತಿ ತುದಿಗೆ ತಂದರೂ ನಾಲ್ಕು ಬೆರಳು ಕಡಿಮೆ ಬಿತ್ತು.

"ಚಾಚಾ, ಇದಕ್ಕಿಂತ ಸಣ್ಣ ಕೊಡ ಇಲ್ಲೇನ್ರಿ?" ಅಂದ.

"ನನ್ನ ಹಂತ್ಯಾಕ ಐತಪಾ. ಬೀಗರು ತಗೊಳ್ಳಾಂಗಿಲ್ಲ," ಅಂದೆ.

ಅವನು ಕಂಬ ಎತ್ತರವಿರುವ ಬೇರೆ ಮಾದರಿ ಇದೆ ಎಂದು ಬರೆದುಕೊಂಡ. ಚೊಂಬಿನ ಹೊಟ್ಟೆಯ ಮೇಲೆ ಹಾಕಿಸಿದೆ. ನಡುವಿನ ಅಕ್ಷರ ಚೆನ್ನಾಗಿ ಬಂದವು, ಎರಡೂ ಕಡೆಯ ಕೊನೆಯವು ಮಸುಕು. ಬೆಳಕು ಒಂದೇ ದೂರಕ್ಕೆ ಸರಿಯಾಗಿ ಕೂಡುತ್ತದೆ, ಪಾತ್ರೆಯ ಹೊಟ್ಟೆ ಬಾಗಿದರೆ ತಪ್ಪುತ್ತದೆ. ಪಾತ್ರೆಯನ್ನು ತಿರುಗಿಸುತ್ತ ಬರೆಯುವ ಇನ್ನೊಂದು ಸಾಮಾನು ಬೇಕು, ಅದನ್ನು ಅವನು ತಂದೇ ಇರಲಿಲ್ಲ. ಅದೂ ಬರೆಸಿದೆ. ತೆಳ್ಳನೆಯ ತಾಟಿನ ಮೇಲೆ ಆಳವಾಗಿ ಹಾಕಿಸಿ ಹಿಂದೆ ತಿರುವಿ ನೋಡಿದರೆ ಅಲ್ಲಿ ಕಂದು ಬಣ್ಣದ ಕಲೆ ಎದ್ದಿತ್ತು. ಕನ್ನಡ ಹಾಕು ಎಂದಾಗ ಒತ್ತಕ್ಷರಗಳು ಪಕ್ಕಕ್ಕೆ ಬಂದು ನಿಂತವು. ಕಂಪ್ಯೂಟರಿನಲ್ಲಿ ಬೇರೆ ಕಡೆ ಬರೆದು ಚಿತ್ರವಾಗಿ ತಂದರೆ ಸರಿಯಾಯಿತು. ಕೊಳ್ಳುವವರು ನಿಮ್ಮ ಊರಿನ ಹತ್ತು ಹೆಸರು ಬರೆದುಕೊಂಡು ಹೋಗಿ, ಏಜೆಂಟನ ಗುಲಾಬಿ ಹೂವಿಗೆ ಮಾರುಹೋಗಬೇಡಿ.

ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣು ಸುಡುತ್ತದೆ ಎಂದು ವರ್ಕ್‌ಶಾಪಿನಲ್ಲಿ ಹೇಳಿದ್ದರು. ಕನ್ನಡಕ ಎಲ್ಲಿ ಎಂದು ಕೇಳಿದೆ. ಇಮ್ರಾನ್ ತನ್ನ ಬೈಕಿನ ಕೂಲಿಂಗ್ ಗ್ಲಾಸ್ ತೆಗೆದು ಕೊಟ್ಟ. ಅದು ಸಾಲದು, ಈ ಲೇಸರಿಗೆ ಎಂದೇ ಮಾಡಿದ ಕನ್ನಡಕ ಬೇಕು, ಮುಚ್ಚಳವಿರುವ ಪೆಟ್ಟಿಗೆಯಾದರೆ ಇನ್ನೂ ಒಳ್ಳೆಯದು, ಹೊಗೆ ಹೊರಗೆ ಹೋಗಲು ಫ್ಯಾನು ಬೇಕು ಎಂದೆ. ಮುಂದಿನ ಪರೀಕ್ಷೆಗಳನ್ನು ಎಲ್ಲರೂ ಮುಖ ತಿರುಗಿಸಿ ನಿಂತೇ ಮಾಡಿದೆವು. ಯಂತ್ರ ಬರೆಯುವುದನ್ನು ನೋಡಲು ಬಂದವರೆಲ್ಲ ಗೋಡೆ ನೋಡುತ್ತ ನಿಂತಿದ್ದರು.

ಆಮೇಲೆ ನಾನೊಂದು ಕೆಲಸ ಮಾಡಿದೆ, ಅದಕ್ಕೆ ಇಮ್ರಾನ್ ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ. ಯಂತ್ರ ತಾಮ್ರದ ತಂಬಿಗೆಯ ಮೇಲೆ 'ಹನುಮಂತಪ್ಪ' ಎಂದು ಬರೆಯುತ್ತಿರುವಾಗ ಗೋಡೆಯ ಮೇಲಿನ ಮೇನ್ ಸ್ವಿಚ್ ಇಳಿಸಿಬಿಟ್ಟೆ. ನಮ್ಮ ಕಡೆ ಕರೆಂಟು ಹೇಳಿ ಹೋಗುವುದಿಲ್ಲವಲ್ಲ. ಯುಪಿಎಸ್ ಕೂಗಿ ಸುಮ್ಮನಾಯಿತು. ಅದರ ಬ್ಯಾಟರಿ ಚಾರ್ಜ್ ಮಾಡಿರಲಿಲ್ಲ. ಯಂತ್ರ ಮತ್ತೆ ಎದ್ದಾಗ ಮೊದಲಿನಿಂದ ಬರೆಯತೊಡಗಿತು, ಆಗ ಗಾಬರಿಯಲ್ಲಿ ಯಾರೋ ತಂಬಿಗೆ ಮುಟ್ಟಿದ್ದರಿಂದ ಹನು ಎಂಬುದರ ಮೇಲೆ ಹನುಮಂತಪ್ಪ ಅಡ್ಡಡ್ಡ ಕುಳಿತ. ಇಮ್ರಾನ್ ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಳಿತ.

"ಚಾಚಾ, ಮಷಿನ್ ನೋಡಾಕ ಬಂದೀರೋ, ಕೊಲ್ಲಾಕ ಬಂದೀರೋ?"

"ಕೆಟ್ಟರೆ ಯಾರು ಬರ್ತಾರಪಾ ರಿಪೇರಿಗೆ?"

"ಫೋನ್ ಮಾಡ್ರಿ, ಆನ್‌ಲೈನ್ ನೋಡ್ತಾರ್ರಿ."

"ಸ್ಕ್ರೂ ಬಿಚ್ಚೋದು ಯಾರು, ಆನ್‌ಲೈನಾ?"

ಎಷ್ಟು ದಿನಕ್ಕೆ ಮನುಷ್ಯ ಬರುತ್ತಾನೆ ಎಂದು ಬರೆಸಿಕೊಂಡೆ. ವೇಗದ ಮಾತೂ ಅಷ್ಟೆ. ಮೂರು ಸೆಕೆಂಡು ಎನ್ನುವುದು ಮೇಲಿನ ಕಪ್ಪು ಬರಹಕ್ಕೆ. ಬೆರಳಿಗೆ ಹತ್ತುವ ಹಾಗೆ ಆಳವಾಗಿ ಬೇಕೆಂದರೆ ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಓಡಬೇಕು, ಹತ್ತಿರ ಹತ್ತಿರ ಒಂದು ನಿಮಿಷ. ಆದರೂ ಒಳಗೊಳಗೆ ನನಗೆ ಗೊತ್ತಾಗಿತ್ತು, ನನ್ನ ಕೈಗೆ ಒಂದು ನಿಮಿಷ ಸಾಲುವುದಿಲ್ಲ.

ಮೂರು ಸ್ಟೀಲ್ ತಂಬಿಗೆಗಳನ್ನು ಕೊನೆಗೆ ಇಟ್ಟುಕೊಂಡಿದ್ದೆ. ಒಂದಕ್ಕೆ ಯಂತ್ರದ ಕಪ್ಪು ಬರಹ, ಇನ್ನೊಂದಕ್ಕೆ ಯಂತ್ರದ ಆಳದ ಬರಹ ಹಾಕಿಸಿದೆ. ಮೂರನೆಯದರ ಮೇಲೆ ನಾನೇ ಪೆನ್ನಿನಿಂದ ಬರೆದೆ.

"ಹದಿನೈದು ದಿನ ಇವನ್ನ ಮನ್ಯಾಗ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಸ್ತೀನ್ರಿ. ಆಮ್ಯಾಲೆ ಹೇಳ್ತೀನಿ," ಎಂದು ಸಾವುಕಾರರಿಗೆ ಹೇಳಿದೆ. ಪಾತ್ರೆ ಮೇಲಿನ ಹೆಸರು ಅಂಗಡಿಯಲ್ಲಿ ಇರುವುದು ಒಂದು ದಿನ, ಬಚ್ಚಲ ಕಲ್ಲಿನ ಮೇಲೆ ಇರುವುದು ಮೂವತ್ತು ವರ್ಷ. ಇದು ಅವರಿಗೂ ಹಿಡಿಸಿತು.

ತಂಬಿಗೆಗಳನ್ನು ಅಂಬಮ್ಮನ ಮುಂದೆ ಇಟ್ಟೆ. ದಿನಾ ಮೂರನ್ನೂ ಸಮನಾಗಿ ತಿಕ್ಕಬೇಕು ಎಂದು ಹೇಳಿ ಬೆಳಿಗ್ಗೆ ಸಿಂಧನೂರಿಗೆ ಹೋಗುತ್ತಿದ್ದೆ. ನಾಲ್ಕನೆಯ ದಿನಕ್ಕೇ ಯಂತ್ರದ ಕಪ್ಪು ಬರಹ ಮಾಯವಾಯಿತು. ಹತ್ತನೆಯ ದಿನಕ್ಕೆ ಆಳದ ಬರಹವೂ ಸವೆದು ಓದಲು ಬಾರದ ಹಾಗಾಯಿತು. ನನ್ನ ಬರಹ ಮಾತ್ರ ಇದೀಗ ಬರೆದಂತೆ ಹೊಳೆಯುತ್ತಿತ್ತು. ಜಂಬ ನನ್ನ ನೆತ್ತಿಗೆ ಏರಿತು. ಓಣಿಯವರನ್ನು ಕರೆದು ತೋರಿಸಿದೆ. ಜರ್ಮನಿಯ ಯಂತ್ರವೋ ಚೀನಾದ ಯಂತ್ರವೋ, ಮಸ್ಕಿಯ ಮೌನಪ್ಪನ ಮುಂದೆ ನಿಲ್ಲಲಿಲ್ಲ ಎಂದು ಹೇಳಿಕೊಂಡೆ. ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಹದಿನಾರನೆಯ ದಿನ ಬೆಳಿಗ್ಗೆ ಫೇಲ್ ಎಂದು ಹೇಳಿಬರಲು ತಂಬಿಗೆಗಳನ್ನು ಚೀಲಕ್ಕೆ ಹಾಕುತ್ತಿದ್ದೆ. ನನ್ನ ತಂಬಿಗೆಯನ್ನು ತಿರುವಿ ನೋಡಿದರೆ ತಳದಲ್ಲಿ ಅಂಗಡಿಯ ಬೆಲೆಚೀಟಿ ಹಾಗೇ ಅಂಟಿಕೊಂಡಿತ್ತು. ನೀರು ಕೂಡ ಸೋಕಿರಲಿಲ್ಲ.

"ಅಂಬಮ್ಮ, ಇದನ್ನ ತಿಕ್ಕೀಯೇನು?"

ಅವಳು ಒಲೆಯ ಕಡೆ ತಿರುಗಿದಳು. "ಯಾವುದನ್ನ?"

"ನನ್ನದನ್ನ."

"ಇಲ್ಲ."

"ಒಂದು ದಿನಾನೂ?"

"ಮನಸ್ಸಾಗಲಿಲ್ಲರಿ," ಅಂದಳು.

"ಮತ್ತ ಅವನ್ನ?"

"ಇಟ್ಟಂಗಿ ಪುಡಿ ಹಾಕಿ ತಿಕ್ಕೀನಿ. ನನ್ನ ಕೈ ಸೋತಾಗ ಬಾಜು ಮನಿ ಖಾಜಾಬೀನೂ ತಿಕ್ಯಾಳ. ನಿಮ್ಮ ಕೆಲಸ ಹೋಗ್ತದಂತ ಕೇಳಿ ಆಕೀಗೂ ಸಿಟ್ಟು ಬಂದಿತ್ತು."

ನನಗೆ ನಗು ಬಂತು, ಚೀಲ ಕೆಳಗಿಟ್ಟು ಅಲ್ಲೇ ಕುಳಿತೆ. ಇಬ್ಬರು ಹೆಂಗಸರು ಹದಿನೈದು ದಿನ ಒಂದು ಯಂತ್ರದ ಜೊತೆ ಜಗಳವಾಡಿದ್ದರು, ನನ್ನ ಸಲುವಾಗಿ. ಈ ತಂಬಿಗೆಗಳನ್ನು ತೆಗೆದುಕೊಂಡು ಹೋದರೆ ಸಾವುಕಾರರು ಒಂದು ಮಾತೂ ಕೇಳದೆ ನಂಬುತ್ತಿದ್ದರು. ನನ್ನ ಕಟ್ಟೆ ನನಗೇ ಉಳಿಯುತ್ತಿತ್ತು. ಬಸ್ ಸ್ಟ್ಯಾಂಡಿನವರೆಗೆ ಚೀಲ ಹೊತ್ತುಕೊಂಡು ಹೋದೆ ಕೂಡ. ಬಸ್ಸು ಬಂತು, ನಾನು ಹತ್ತಲಿಲ್ಲ. ನಾನು ದೊಡ್ಡ ಸತ್ಯವಂತ ಎಂದಲ್ಲ. ಇಮ್ರಾನನಿಗೆ ಅಷ್ಟೊಂದು ಪ್ರಶ್ನೆ ಕೇಳಿ, ಸ್ವಿಚ್ ಬೇರೆ ಇಳಿಸಿ, ಕೊನೆಗೆ ಇಟ್ಟಿಗೆಯ ಪುಡಿಯಿಂದ ಗೆದ್ದೆ ಎಂದರೆ ನನ್ನ ಮರ್ಯಾದೆ ನನ್ನ ಹತ್ತಿರವೇ ಉಳಿಯುವುದಿಲ್ಲ ಅನ್ನಿಸಿತು.

ಸಾವುಕಾರರಿಗೆ ಫೋನು ಮಾಡಿ ಇನ್ನೂ ಹದಿನೈದು ದಿನ ಬೇಕೆಂದೆ. ಯಂತ್ರ ಇನ್ನೂ ಅಲ್ಲೇ ಇದ್ದದ್ದರಿಂದ ಲಿಂಗಸುಗೂರಿಗೆ ಹೋಗಿ ಹೊಸ ತಂಬಿಗೆಗಳ ಮೇಲೆ ಬರೆಸಿ ತಂದೆ, ನನ್ನದನ್ನೂ ಹೊಸದಾಗಿ ಬರೆದೆ. ಈ ಸಲ ನಾನೇ ಬಚ್ಚಲ ಕಲ್ಲಿನ ಮುಂದೆ ಕುಳಿತೆ. ಒಂದೊಂದಕ್ಕೂ ಎಣಿಸಿ ಐವತ್ತು ಸಲ ತಿಕ್ಕಿದೆ. ಓಣಿಯ ಹೆಂಗಸರು ನೀರಿಗೆ ಹೋಗುವಾಗ ನಿಂತು ನೋಡುತ್ತಿದ್ದರು. ಖಾಜಾಬಿ ತನ್ನ ಮನೆಯ ತವಾ ತಂದು ಪಕ್ಕದಲ್ಲಿಟ್ಟು, "ತಿಕ್ಕಾಕ ಕೈ ಕುಂತೈತಿ ಭಾಯಿ, ಇದನ್ನೂ ನೋಡ್ರಿ" ಅಂದಳು. ತಿಕ್ಕಿಕೊಟ್ಟೆ. ಅಂಬಮ್ಮ ಅಷ್ಟೂ ದಿನ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಳು.

ಎಂಟನೆಯ ದಿನ ಕಪ್ಪು ಬರಹ ಹೋಯಿತು. ಅದು ಇಟ್ಟಂಗಿಯ ತಪ್ಪಲ್ಲ, ಅದು ಹೋಗುವಂಥದ್ದೇ. ಆಳದ ಬರಹ ಹದಿನೈದನೆಯ ದಿನವೂ ಮೊದಲ ದಿನದಂತೆಯೇ ಇತ್ತು. ನನ್ನದೂ ಹಾಗೇ ಇತ್ತು. ಎರಡನ್ನೂ ಬಿಸಿಲಿಗೆ ಹಿಡಿದು ಪಕ್ಕ ಪಕ್ಕ ಇಟ್ಟು ನೋಡಿದೆ. ಯಂತ್ರದ ಗೆರೆ ನೆಟ್ಟಗಿತ್ತು. ನನ್ನ ಗೆರೆ ನಡುಗಿತ್ತು. ಪೆನ್ನಿನ ನಡುಕವಲ್ಲ ಅದು, ಕೈಯದು. ಯಾವಾಗಿನಿಂದ ಹೀಗಾಗಿದೆಯೋ ಗೊತ್ತಿಲ್ಲ. ಗಿರಾಕಿಗಳು ಹೇಳಿರಲಿಲ್ಲ, ಸಾವುಕಾರರೂ ಹೇಳಿರಲಿಲ್ಲ. ಮೂರನ್ನೂ ಒರೆಸಿ ಚೀಲಕ್ಕೆ ಹಾಕಿದೆ.

ಮರುದಿನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ, ಇಟ್ಟಂಗಿ ಪುಡಿಯನ್ನೂ ಬಿಡಲಿಲ್ಲ. ಉತ್ತರ ಕೇಳಲು ಇಮ್ರಾನನೂ ಬಂದಿದ್ದ. ಕಪ್ಪು ಬರಹದಲ್ಲಿ ಒಂದು ಪಾತ್ರೆಯೂ ಹೊರಗೆ ಹೋಗಬಾರದು, ಕಂಬ ಎತ್ತರದ್ದು ಬೇಕು, ತಿರುಗಿಸುವ ಸಾಮಾನು ಬೇಕು, ಕಣ್ಣಿಗೆ ಸರಿಯಾದ ಕನ್ನಡಕ, ಮುಚ್ಚಳದ ಪೆಟ್ಟಿಗೆ, ಚಾರ್ಜಾದ ಯುಪಿಎಸ್, ಸ್ಕ್ರೂ ಬಿಚ್ಚಲು ಬರುವ ಮನುಷ್ಯ, ಇಷ್ಟೂ ಕಾಗದದ ಮೇಲೆ ಇರಬೇಕು ಎಂದೆ. ತೆಳ್ಳನೆಯ ತಾಟುಗಳನ್ನು ಅದಕ್ಕೆ ಕೊಡಬೇಡಿ ಎಂದೂ ಹೇಳಿದೆ.

"ಹಂಗಾರ ತಗೊಳ್ಳೋಣಂತೀಯಾ?" ಸಾವುಕಾರರು ಕೇಳಿದರು.

"ತಗೋರಿ," ಅಂದೆ.

ಇಮ್ರಾನ್ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಸ್ವಿಚ್ಚಿನ ಹತ್ತಿರ ಹೋಗಬೇಡಿ ಎಂದು ಮಾತ್ರ ಬೇಡಿಕೊಂಡ. ಎಲ್ಲರೂ ನಕ್ಕರು, ಚಹಾ ಬಂತು, ಸಾವುಕಾರರು ಯಂತ್ರ ಎಲ್ಲಿ ಇಡಬೇಕು ಎಂದು ಕಟ್ಟೆಯ ಉದ್ದ ಅಳೆಸತೊಡಗಿದರು. ನಾನು ಬಸ್ಸು ಹಿಡಿದು ಮನೆಗೆ ಬಂದೆ.

ಅಂಬಮ್ಮ ಬಾಗಿಲಲ್ಲೇ ಕುಳಿತಿದ್ದಳು. ಮುಖ ನೋಡಿಯೇ ಅವಳಿಗೆ ತಿಳಿಯಿತು. ನಾನು ಒಂದೊಂದಾಗಿ ಹೇಳತೊಡಗಿದೆ, ಏನೇನು ಕೇಳಿದೆ, ಏನೇನು ಬರೆಸಿಕೊಂಡೆ ಎಂದು. ಗ್ಯಾರಂಟಿ ಎಷ್ಟು ವರ್ಷ, ಲೆನ್ಸ್ ಒಡೆದರೆ ಯಾರ ತಲೆಗೆ, ಎಲ್ಲ ಕೇಳಿಬಿಟ್ಟೆ, ಒಂದನ್ನೂ ಬಿಡಲಿಲ್ಲ ಎಂದೆ.

ಅವಳು ಪೂರಾ ಕೇಳಿಸಿಕೊಂಡಳು. ಆಮೇಲೆ, "ನಾಳಿಗೆ ನಿಮಗ ಬುತ್ತಿ ಕಟ್ಟಬೇಕೋ, ಬ್ಯಾಡೋ?" ಎಂದು ಕೇಳಿದಳು.

ಅದೊಂದನ್ನು ಕೇಳಿರಲಿಲ್ಲ.

ಅವಳು ಬೆಳಿಗ್ಗೆ ಎದ್ದು ಎರಡು ರೊಟ್ಟಿ ಹೆಚ್ಚಿಗೆ ಬಡಿದು ಬುತ್ತಿ ಕಟ್ಟಿ ಕೈಗೆ ಕೊಟ್ಟಳು. ನಾನು ಹೋಗಿ ಕಟ್ಟೆಯ ಮೇಲೆ ಕುಳಿತೆ. ಯಂತ್ರ ಬಂತು, ನನ್ನ ಪಕ್ಕದಲ್ಲೇ ಇಟ್ಟರು. ಹೆಸರು ಕೇಳಿ ಬರೆದುಕೊಡುವುದು, ಬಂದದ್ದು ಸರಿಯಿದೆಯೇ ಎಂದು ಬೆರಳಾಡಿಸಿ ನೋಡುವುದು ನನ್ನ ಪಾಲಿಗೆ ಬಂತು. ಆಮೇಲೆ ನಾಲ್ಕು ವರ್ಷ ಅವಳು ಬುತ್ತಿ ಕಟ್ಟಿದಳು, ನಾನು ಹೋದೆ. ಬರಬೇಡ ಎಂದು ಸಾವುಕಾರರು ಹೇಳಲಿಲ್ಲ. ಬರಲೇ ಎಂದು ನಾನೂ ಕೇಳಲಿಲ್ಲ.